ನಮ್ಮ ವೈನಿ ಖಳನಾಯಕನಾದದ್ದು

ನಮ್ಮ ವೈನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಮರ್ಯಾದೆ ಏರುತ್ತದೆ. ಎಂದಿನಂತೆ ಇದ್ದ ದಿನ ನನ್ನನ್ನು "ಇಂದೂ, ಬಾ ಇಲ್ಲೆ" ಎಂದು ಕರೆಯುವವಳು, ನಾನು ಹಾಲು ಉಕ್ಕಿಸಿದ ದಿನ "ಇಂದೂ ಅವರ, ಸ್ವಲ್ಪ ಬರ್ರಿ" ಎನ್ನುತ್ತಾಳೆ. ಆ 'ರೀ' ಕಿವಿಗೆ ಬಿದ್ದದ್ದೇ ನಾನು ಚಪ್ಪಲಿ ಹುಡುಕುತ್ತೇನೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ಕಲಿತ ಪಾಠ ಇದು.

ವೈನಿ ಅಂದರೆ ಅಣ್ಣ ಶಿವಪ್ರಕಾಶನ ಹೆಂಡತಿ, ತ್ರಿವೇಣಿ. ನಮ್ಮ ಊರು ವಿಜಯಪುರದ ಕಡೆಯದು. ಈಗ ಇರುವುದು ಪುಣೆಯ ಖಡಕಿ ಬಜಾರಿನಲ್ಲಿ. ವಿಜಯಪುರದಿಂದ ಪುಣೆಗೆ ಪಾರ್ಸೆಲ್ ತರುವ ಸಣ್ಣ ಟ್ರಾನ್ಸ್‌ಪೋರ್ಟ್ ಅಣ್ಣನದು. ಕೆಳಗೆ ಆಫೀಸು, ಮೇಲೆ ಮನೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು. ಅಣ್ಣ ಊರೆಲ್ಲ ಸುತ್ತುತ್ತಿದ್ದರೆ ಆಫೀಸಿನ ಫೋನು ಎತ್ತುವುದು ವೈನಿಯ ಕೆಲಸ. ಅತ್ತ ಕಡೆಯವರು ಅವಳ "ಹಲೋ" ಕೇಳಿದ ಕೂಡಲೇ "ನಮಸ್ಕಾರ ಶೇಠ್" ಎನ್ನುತ್ತಾರೆ. ದೇವರು ದನಿ ಹಂಚುವಾಗ ಬೇರೆ ಯಾರದೋ ಪಾರ್ಸೆಲ್ ಇವಳ ಕೈಗೆ ಕೊಟ್ಟು ಸಹಿ ಮಾಡಿಸಿಕೊಂಡುಬಿಟ್ಟಿದ್ದಾನೆ. ಒಡೆದ, ಒರಟು, ಆಳದ ದನಿ. ಹದಿನಾರರ ಹುಡುಗನಿಗೆ ಗಂಟಲು ಒಡೆಯುವಾಗ ಇರುತ್ತದಲ್ಲ, ಅದು ಅಲ್ಲೇ ನಿಂತುಬಿಟ್ಟರೆ ಹೇಗೆ, ಹಾಗೆ.

ನಮ್ಮ ಕಡೆ ಬಸುರಿಯ ಕುಬಸ, ಕೂಸಿನ ತೊಟ್ಟಿಲು ಅಂದರೆ ಹೆಂಗಸರು ಹಾಡಬೇಕು. ವೈನಿ ಮದುವೆಯಾಗಿ ಬಂದ ಹೊಸದರಲ್ಲಿ ಪುಣೆಯ ಕೊಂಢವಾದಲ್ಲಿರುವ ನಮ್ಮ ಬಳಗದ ಹಿರಿಯಾಕೆ ಚನ್ನಬಸವ್ವ ಕಾಕೂನ ಮನೆಯಲ್ಲಿ ಒಂದು ಕುಬಸ ಆಯಿತು. ಎಲ್ಲರ ಜೊತೆ ಇವಳೂ ಬಾಯಿ ತೆಗೆದಳು. ಒಂದು ಸಾಲು ಮುಗಿಯುವುದರೊಳಗೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದರು. ಕಾಕೂ ಮಾತ್ರ ನಗಲಿಲ್ಲ, ಅದೇ ತಪ್ಪಾಯಿತು. "ತ್ರಿವೇಣಿ, ನೀ ಬರೇ ಚಪ್ಪಾಳಿ ತಟ್ಟವ್ವಾ" ಎಂದುಬಿಟ್ಟಳು. ಅಂದಿನಿಂದ ವೈನಿ ಎಲ್ಲ ಮನೆಯ ಹಾಡಿಗೂ ಚಪ್ಪಾಳೆ ತಟ್ಟುತ್ತ ಬಂದಿದ್ದಾಳೆ, ತಾಳ ಒಂದು ಸಲವೂ ತಪ್ಪಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಅವಳು ನಗುತ್ತಿದ್ದಳು. ಒಮ್ಮೆ ಮಾತ್ರ ಮೆಂತ್ಯ ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಹೇಳಿದಳು, "ಒಂದ್ ಸಲಾನಾರೆ ಯಾರಾದ್ರೂ ನನ್ನ ದನಿ ಕೇಳಿ, ಇನ್ನೊಮ್ಮೆ ಅನ್ರಿ, ಅನಬೇಕು ನೋಡು ಇಂದೂ. ಅಷ್ಟಾದ್ರ ಸಾಕು."

ಇನ್ನು ನನ್ನ ಹುಚ್ಚಿನ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಮಷೀನಿಗೆ ಫೋನು ಒರಗಿಸಿ ಜಪಾನಿನ ಕಾರ್ಟೂನು ನೋಡುತ್ತ ಬ್ಲೌಸ್ ಹೊಲಿಯುವವಳು ನಾನು. ಆನಿಮೆ ಅನ್ನುತ್ತಾರೆ. ನಲವತ್ತರ ಹತ್ತಿರ ಬಂದವಳಿಗೆ ಇದೇನು ಎಂದು ಅಣ್ಣ ಬೈಯುತ್ತಾನೆ, ಆಮೇಲೆ ಚಹಾ ಹಿಡಿದುಕೊಂಡು ಹಿಂದೆ ನಿಂತು ತಾನೂ ನೋಡುತ್ತಾನೆ. ಅವುಗಳಲ್ಲಿ 'ಬೂದಿಯ ಊರು' ಅಂದರೆ ನನಗೆ ಪ್ರಾಣ. ಆಕಾಶ ಸುಟ್ಟು ಲೋಕದ ಮೇಲೆಲ್ಲ ಬೂದಿ ಸುರಿದಿದೆ. ಉಳಿದ ಜನ ಒಂದು ಹಳೆಯ ಅಣೆಕಟ್ಟಿನ ಗೋಡೆಯ ಹೊಟ್ಟೆಯಲ್ಲಿ ಊರು ಕಟ್ಟಿಕೊಂಡಿದ್ದಾರೆ. ಮೊದಲ ಕಂತಿನಲ್ಲೇ ಹೆಬ್ಬಾಗಿಲು ತೆರೆಯುತ್ತದೆ, ಕುರೊಹಾಯಿ ಎಂಬ ಖಳ ನಗುತ್ತ ಒಳಗೆ ಬಂದು ನೀರಿನ ಕೀಲಿ ಕಿತ್ತುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಯಾರಿಗೂ ನಿದ್ದೆಯಿಲ್ಲ. ಕಥೆಯ ನಾಯಕ ಬರೀ ಓಡುತ್ತಾನೆ, ಕೂಗುತ್ತಾನೆ. ಕುರೊಹಾಯಿ ನಿಂತು ಮಾತಾಡುತ್ತಾನೆ. ನನಗೆ ಅವನೇ ಇಷ್ಟ, ಯಾರು ಏನಾದರೂ ಅಂದುಕೊಳ್ಳಲಿ.

ಆ ಕುರೊಹಾಯಿ ಹುಡುಗನಾಗಿದ್ದವನು ಹೇಗೆ ಖಳನಾದ ಎಂಬುದರ ಮೇಲೆಯೇ ಬೇರೊಂದು ಸರಣಿ ಬರುತ್ತದೆ, ಅದು ಕನ್ನಡದಲ್ಲೂ ಬರುತ್ತದೆ ಎಂದು ಫೋನಿನಲ್ಲಿ ಓದಿದ ದಿನ ನಾನು ಯಾರದೋ ಬ್ಲೌಸಿಗೆ ತೋಳು ತಿರುವುಮುರುವು ಹಚ್ಚಿದೆ. ಕುರೊಹಾಯಿ ಕನ್ನಡ ಮಾತಾಡುತ್ತಾನೆ. ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು ನನ್ನ ಸ್ಥಿತಿ.

ಅದೇ ವಾರ ಒಂದು ಹುಡುಗಿ ನಮ್ಮ ಆಫೀಸಿಗೆ ಬಂದಳು. ಹೆಸರು ರಕ್ಷಿತ. ಅವಳಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ನಡೆಸುವವರು. ಅವಳು ಮಾತ್ರ ದೋಸೆಕಲ್ಲಿಗೆ ಬೆನ್ನು ತಿರುಗಿಸಿ ಇಲ್ಲೇ ಪುಣೆಯ ವಾಕಡದಲ್ಲಿ ಡಬ್ಬಿಂಗ್ ಸ್ಟುಡಿಯೋ ತೆಗೆದಿದ್ದಳು. ಅಲ್ಲಿ ಗೋಡೆಗೆ ತೂಗುಹಾಕಲು ವಿಜಯಪುರದಿಂದ ಹಳೇ ಸೀರೆ ಹೊಲಿದ ಕೌದಿ ತರಿಸುತ್ತಿದ್ದಳು, ದಪ್ಪ ಕೌದಿ ಶಬ್ದ ನುಂಗುತ್ತದಂತೆ. ಕೌದಿಯ ಗಂಟು ಬರಬೇಕಾಗಿದ್ದ ಲಾರಿ ಬಂದಿರಲಿಲ್ಲ. ಡ್ರೈವರ್ ಮಾರ್ತಾಂಡ ಸೋಲಾಪುರದ ಢಾಬಾದಲ್ಲಿ ಮಲಗಿದ್ದ. ವೈನಿ ಅವನಿಗೆ ಫೋನು ಹಚ್ಚಿದಳು.

"ಮಾರ್ತಾಂಡ ಅವರ, ನಮಸ್ಕಾರ್ರಿ. ಊಟಾ ಆತ್ರಿ? ಭಾಳ ಚೊಲೊ ಆತು. ನಿದ್ದಿ ಹತ್ತಿತ್ತೇನ್ರಿ? ಮಲಕ್ಕೋರಿ, ಮಲಕ್ಕೋರಿ. ಇಲ್ಲೆ ಒಬ್ಬ ಹೆಣ್ಣಮಗಳು ನಿಮ್ಮ ದಾರಿ ನೋಡಕೋತ ನಿಂತಾಳ. ನಾ ಅಕಿಗೆ ಏನ್ ಹೇಳಲ್ರಿ?"

ಅತ್ತ ಕಡೆಯಿಂದ ಲಾರಿ ಚಾಲೂ ಆದ ಸದ್ದು ನನಗೂ ಕೇಳಿಸಿತು. ರಕ್ಷಿತ ಬಾಯಿ ತೆರೆದುಕೊಂಡು ನಿಂತಿದ್ದಳು.

"ಅಕ್ಕ, ಒಂದು ಬೈಗುಳ ಇಲ್ಲ, ಆದ್ರೂ ನನ್ನ ಮೈ ಜುಂ ಅಂತು ಮಾರಾಯ್ರೆ. ಈಗ ಹೇಳಿದ್ದನ್ನು ಇನ್ನೊಮ್ಮೆ ಹೇಳ್ತೀರಾ?"

ವೈನಿಯ ಕೈಯಲ್ಲಿ ಫೋನು ಹಾಗೇ ಉಳಿಯಿತು. ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಮೆಂತ್ಯ ಸೊಪ್ಪಿನ ಮಾತು ಇಬ್ಬರಿಗೂ ನೆನಪಿತ್ತು.

ರಕ್ಷಿತಳಿಗೆ ಸಿಕ್ಕಿದ್ದ ಕೆಲಸ ಯಾವುದು ಎಂದು ಗೊತ್ತಾದಾಗ ನಾನು ಕೂಗಿಕೊಂಡೆ. ಅದೇ, ಕುರೊಹಾಯಿಯ ಸರಣಿ. ಹುಡುಗರ ಪಾತ್ರಕ್ಕೆ ಹೆಂಗಸರ ದನಿ ಕೊಡುವುದು ವಾಡಿಕೆಯಂತೆ. ಇವನು ಹುಡುಗನಿಂದ ಬೆಳೆದು ಗಂಡಸಾಗುವವನು. ಎಳೆಯ ದನಿ ಹುಡುಕಿದರೆ ಮುಂದೆ ಭಯ ಬರುವುದಿಲ್ಲ, ದಪ್ಪ ದನಿ ಹುಡುಕಿದರೆ ಹುಡುಗ ಅನಿಸುವುದಿಲ್ಲ ಎಂದು ರಕ್ಷಿತ ತಲೆ ಕೆಡಿಸಿಕೊಂಡಿದ್ದಳು. ಎರಡೂ ಒಂದೇ ಗಂಟಲಲ್ಲಿ ಇರುವವಳು ಖಡಕಿ ಬಜಾರಿನಲ್ಲಿ ಲಾರಿ ಕಾಯುತ್ತ ಕುಳಿತಿದ್ದಳು. ನೀವೇ ದನಿ ಕೊಡಬೇಕು ಎಂದು ರಕ್ಷಿತ ಅಲ್ಲೇ ಪಟ್ಟು ಹಿಡಿದಳು.

"ಹೆಸರೇನಂದಿ? ಕುರಿ ಹಾಯ್ತ?" ಎಂದು ವೈನಿ ಕೇಳಿದಳು.

"ಕುರಿ ಅಲ್ಲ ವೈನಿ, ಕುರೊಹಾಯಿ," ಎಂದೆ ನಾನು, ದೇವರ ಹೆಸರು ತಪ್ಪು ಹೇಳಿದವರನ್ನು ತಿದ್ದುವಂತೆ.

ಅಣ್ಣ ರಾತ್ರಿ ಊಟಕ್ಕೆ ಕುಳಿತು ಎಲ್ಲ ಕೇಳಿಸಿಕೊಂಡ. "ಮಂದಿ ಹೆಂಡ್ರು ಸಿನಿಮಾದಾಗ ಹೀರೋಯಿನ್ ಆಗ್ತಾರ. ನಮ್ಮಾಕಿ ರಾಕ್ಷಸ ಆಗ್ಲಾಕ ಹೊಂಟಾಳ," ಎಂದ. ಆದರೆ ಮರುದಿನ ಸ್ಕೂಟರ್ ಒರೆಸಿ ತಾನೇ ವಾಕಡಕ್ಕೆ ಬಿಟ್ಟುಬಂದ.

ಸ್ಟುಡಿಯೋ ಅಂದರೆ ಒಂದು ಫ್ಲ್ಯಾಟು. ಮಲಗುವ ಕೋಣೆಯ ನಾಲ್ಕೂ ಗೋಡೆಗೆ ನಮ್ಮ ಲಾರಿಯಲ್ಲಿ ಬಂದ ಕೌದಿ. ಮಧ್ಯೆ ಮೈಕು, ಮುಂದೆ ಪರದೆ. ಹೊರಗಿನ ಕೋಣೆಯಲ್ಲಿ ರಕ್ಷಿತಳ ಕಂಪ್ಯೂಟರು, ಅದರ ಪಕ್ಕ ನಾನು, ಯಾರೂ ಕರೆಯದಿದ್ದರೂ. ಜಪಾನಿ ಹೆಸರುಗಳನ್ನು ಹೇಳಿಕೊಡಲು ಮೇಲಿನ ಮಹಡಿಯಿಂದ ಸುರಭಿ ಬರುತ್ತಿದ್ದಳು. ಮರಾಠಿ ಹುಡುಗಿ, ಮನೆಯಲ್ಲೇ ಜಪಾನಿ ಭಾಷೆಯ ಕ್ಲಾಸು ನಡೆಸುತ್ತಾಳೆ. ಕುರೊಹಾಯಿ ಅಂದರೆ ಕರೀ ಬೂದಿ ಎಂದು ನಮಗೆ ತಿಳಿದದ್ದು ಅವಳಿಂದ. ಬೆಂಗಳೂರಿನಿಂದ ಕಾರ್ತಿಕ ಎಂಬವನು ವಿಡಿಯೋದಲ್ಲಿ ಕೂತಿರುತ್ತಿದ್ದ. ಕನ್ನಡ ಸರಿಯಿದೆಯೇ ಎಂದು ನೋಡುವುದು, ಯಾರ ದನಿ ಇರಬೇಕು, ಯಾರದು ಬೇಡ ಎಂದು ತೀರ್ಮಾನಿಸುವುದು ಅವನ ಕೆಲಸ.

ಮೊದಲ ದಿನವೇ ಅವನು ಹೇಳಿದ, "ಮೇಡಂ, ವಾಯ್ಸ್ ಸೂಪರ್ ಆಗಿದೆ. ಆದ್ರೆ ಆ 'ರೀ' ಬೇಡ, 'ಅದ' ಬೇಡ. ಆ ಭಾಷೆ ಕೇಳಿದ್ರೆ ನಮ್ಮ ಜನ ನಗೋಕೆ ರೆಡಿ ಆಗ್ಬಿಡ್ತಾರೆ. ವಿಲನ್ ಬಂದ್ರೆ ಹೆದರ್ಬೇಕಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ನಗುವವರು ಖಡಕಿಗೆ ಬಂದು ನಮ್ಮ ವೈನಿಯ ಎದುರಿಗೆ ಒಂದು ಸಲ ಹಾಲು ಉಕ್ಕಿಸಿ ನೋಡಲಿ ಎನ್ನಬೇಕೆಂದಿದ್ದೆ. ವೈನಿ ಕಣ್ಣಿನಿಂದಲೇ ನನ್ನ ಬಾಯಿ ಮುಚ್ಚಿಸಿದಳು. ಅವಳಿಗೆ ಆ ಮೈಕು ಬೇಕಾಗಿತ್ತು. ಅದಕ್ಕಾಗಿ ಅವಳು ನಾಲಿಗೆಯನ್ನೇ ಬದಲಾಯಿಸಲು ತಯಾರಿದ್ದಳು.

ಮುಂದೆ ನಮ್ಮ ಮನೆಯಲ್ಲಿ 'ಅದ' ಹೋಗಿ ಎಲ್ಲವೂ "ಇದೆ" ಆಯಿತು. ರೊಟ್ಟಿ ಇದೆ, ಪಲ್ಯ ಇದೆ, ನಲ್ಲಿಯಲ್ಲಿ ನೀರು ಇದೆ. ಡ್ರೈವರುಗಳಿಗೂ "ಗಾಡಿ ಎಲ್ಲಿದೆ?" ಎನ್ನುತ್ತಿದ್ದಳು. ಅವರು ಗಾಬರಿಯಾಗಿ ವೈನಿಗೆ ಆರಾಮಿಲ್ಲವೇ ಎಂದು ಅಣ್ಣನನ್ನು ಕೇಳಿದರು. ಹಾಡಿ ಹಾಡಿ ರಾಗ ಅನ್ನುತ್ತಾರಲ್ಲ, ಹಾಗೆ ವೈನಿಗೆ ಅದು ಹತ್ತತೊಡಗಿತು. ಊರಿಗೆಲ್ಲ ನೀರು ಹಂಚುವ ಒಳ್ಳೆಯ ಹುಡುಗ ಕುರೊಹಾಯಿ, ಹಿರಿಯರು ಕದ್ದ ನೀರಿನ ಅಪವಾದ ಹೊತ್ತ ಕುರೊಹಾಯಿ, ಪಂಚಾಯಿತಿ ಮುಂದೆ ಕೈಕಟ್ಟಿ ನಿಂತ ಕುರೊಹಾಯಿ. ಕೌದಿಗಳ ನಡುವೆ ನಿಂತು ವೈನಿ ಅವನಾಗುತ್ತಿದ್ದಳು. ನಾನು ಜೀವವಿಟ್ಟು ನೋಡಿದ ಆ ಖಳ ನಮ್ಮ ಮನೆಯ ಗಂಟಲಿನಿಂದ ಮಾತಾಡುವುದನ್ನು ಕೇಳಿ ನನ್ನ ಕೈ ಮೇಲಿನ ಕೂದಲು ನಿಂತುಬಿಡುತ್ತಿತ್ತು. ಸಂತೋಷಕ್ಕೆ ಅಳು ಬರುತ್ತದೆ ಎನ್ನುವುದು ಸುಳ್ಳಲ್ಲ.

ಆಮೇಲೆ ಬಾಗಿಲಿನ ದೃಶ್ಯ ಬಂತು.

ಇಡೀ ಸರಣಿಗೆ ಅದೇ ಜೀವ. ಹುಡುಗನನ್ನು ಊರಿನಿಂದ ಹೊರಗೆ ಹಾಕುತ್ತಾರೆ. ಹೆಬ್ಬಾಗಿಲು ತೆರೆಯುತ್ತದೆ, ಹೊರಗೆ ಬರೀ ಬೂದಿಗಾಳಿ, ಅಲ್ಲಿಗೆ ಹೋದವರು ಬದುಕುವುದಿಲ್ಲ. ಹೊಸ್ತಿಲಲ್ಲಿ ಹುಡುಗ ಹಿಂತಿರುಗಿ, ತನ್ನನ್ನು ದಬ್ಬಿದ ಹಿರಿಯರ ಮುಖ ಒಂದೊಂದಾಗಿ ನೋಡಿ, ಸಣ್ಣಗೆ ನಕ್ಕು, ಒಂದೇ ಒಂದು ಮಾತು ಹೇಳಿ ಹೊರಟುಬಿಡುತ್ತಾನೆ. ಸ್ಕ್ರಿಪ್ಟಿನಲ್ಲಿ ಆ ಮಾತು "ಹೋಗ್ತೀನಿ" ಎಂದಿತ್ತು.

ಪರದೆಯ ಮೇಲೆ ಹುಡುಗ ತಿರುಗಿದ. ವೈನಿ ಹೇಳಿದಳು, "ಬರ್ತೀನಿ."

"ಹೋಗ್ತೀನಿ, ಮೇಡಂ," ಎಂದ ಕಾರ್ತಿಕ. "ಇನ್ನೊಮ್ಮೆ."

ಹುಡುಗ ಮತ್ತೆ ತಿರುಗಿದ. "ಬರ್ತೀನಿ," ಎಂದಳು ವೈನಿ, ನಾಲಿಗೆ ಕಚ್ಚಿಕೊಂಡಳು.

"ಇನ್ನೊಮ್ಮೆ."

"ಹೋ..." ಎಂದು ಶುರು ಮಾಡಿ ಅಲ್ಲೇ ನಿಂತಳು. ಹುಡುಗ ಮಾತಿಲ್ಲದೆ ಬೂದಿಯೊಳಗೆ ನಡೆದುಹೋದ. ಮತ್ತೆ ಇನ್ನೊಮ್ಮೆ, ಮತ್ತೆ ಇನ್ನೊಮ್ಮೆ. ಯಾವ ಮಾತಿಗಾಗಿ ಅವಳು ಇಷ್ಟು ವರ್ಷ ಕಾದಿದ್ದಳೋ ಅದೇ ಮಾತು ಆ ಮಧ್ಯಾಹ್ನ ಛಡಿಯೇಟಿನಂತೆ ಬೀಳುತ್ತಿತ್ತು.

ನೀವು ನಗಬಹುದು, ಮೂರು ಅಕ್ಷರ ಹೇಳಲು ಏನು ರೋಗ ಎಂದು. ನಮ್ಮ ಮನೆಯಲ್ಲಿ ಹೊಸ್ತಿಲ ಮೇಲೆ ನಿಂತು ಯಾರೂ "ಹೋಗ್ತೀನಿ" ಅನ್ನುವುದಿಲ್ಲ. ಮೂಲೆಯ ಅಂಗಡಿಗೆ ಕೊತ್ತಂಬರಿ ತರಲು ಹೊರಟರೂ "ಬರ್ತೀನಿ". ಬಾಯಿತಪ್ಪಿ ಇನ್ನೊಂದು ಬಂದರೆ ನಮ್ಮವ್ವ ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಹೋಗುವುದು ಸತ್ತವರ ಮಾತು. ವೈನಿಗೆ ಅದು ನಾಲಿಗೆಯ ರೂಢಿಯಾಗಿ ಉಳಿದಿರಲಿಲ್ಲ, ರಕ್ತದಲ್ಲಿ ಇಳಿದಿತ್ತು.

ಕಾರ್ತಿಕ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಕೆಟ್ಟ ಹುಡುಗನೇನಲ್ಲ, ಅವನಿಗೂ ಮೇಲಿನವರು ಇದ್ದರು. "ರಕ್ಷಿತ, ಇದು ಟ್ರೈಲರ್‌ಗೆ ಹೋಗೋ ಡೈಲಾಗು. ಇವತ್ತು ಬರಲಿಲ್ಲ ಅಂದ್ರೆ ನಾನು ಇಲ್ಲಿ ಬೇರೆ ವಾಯ್ಸ್ ನೋಡ್ಬೇಕಾಗುತ್ತೆ. ಪೂರ್ತಿ ಪಾತ್ರಕ್ಕೆ. ಸಾರಿ ಮೇಡಂ," ಎಂದ.

ವೈನಿ ಕಿವಿಯ ಹೆಡ್‌ಫೋನು ತೆಗೆದು ಹೊರಗೆ ಬಂದಳು. ನಾನು ಅವಳ ಮೇಲೆಯೇ ಹರಿಹಾಯ್ದೆ. "ವೈನಿ, ಅದು ಕಾರ್ಟೂನ್. ಚಿತ್ರಾ. ಅಂದು ಮುಗಿಸಿಬಿಡು. ಮನಿಗೆ ಬಂದು ಹತ್ತು ಸಲ ಬರ್ತೀನಿ ಅನ್ನುವಂತಿ."

"ಅಷ್ಟ್ ಸಣ್ಣ ಕೂಸು ಇಂದೂ," ಎಂದಳು ವೈನಿ. "ಹೊರಗ ಬೂದಿ ಬೀಳ್ಲಿಕತ್ತದ. ಅವನ ಬೆನ್ನಿಗೆ ಒಬ್ಬರಿಲ್ಲ. ಹೋಗ್ತೀನಿ ಅಂತ ನಾನ ಹೆಂಗ ಅನ್ನಲಿ? ನನ್ನ ಬಾಯಿಲೇನ ಅದನ್ನ ಸಾಯಿಸಲೇನು?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ಕ್ಷಣ ನನಗೆ ಹೊಳೆದದ್ದು ಇಷ್ಟೇ. ಈ ಸರಣಿಯ ಜಪಾನಿ ತುಣುಕನ್ನು ನಾನು ಮಷೀನಿನ ಮುಂದೆ ನೂರು ಸಲ ನೋಡಿದ್ದೆ. ಆ ಹುಡುಗ ಹೊಸ್ತಿಲಲ್ಲಿ ಅನ್ನುವ ಶಬ್ದ ನನ್ನ ಕಿವಿಯಲ್ಲಿತ್ತು, ಅರ್ಥ ಮಾತ್ರ ಇರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಹೊರಟೆ ಎಂದಷ್ಟೇ ಬರುತ್ತಿತ್ತು. ಕನ್ನಡದ ಸ್ಕ್ರಿಪ್ಟು ಬರೆದವರೂ ಅದನ್ನೇ ನೋಡಿ ಬರೆದಿರಬೇಕು. ಅವನು ನಿಜವಾಗಿ ಹೇಳುವುದೇನು?

ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲು ಹತ್ತಿದೆ. ಸುರಭಿ ಕ್ಲಾಸು ನಡೆಸುತ್ತಿದ್ದಳು. ನನ್ನ ಅರ್ಧ ಮರಾಠಿ, ಅರ್ಧ ಏದುಸಿರು ಕೇಳಿ ಏನೋ ಅನಾಹುತವಾಗಿದೆ ಎಂದುಕೊಂಡು, ಕೂದಲಿಗೆ ಸಿಕ್ಕಿಸಿದ ಪೆನ್ಸಿಲಿನ ಸಮೇತ ಓಡಿಬಂದಳು. ರಕ್ಷಿತ ಜಪಾನಿ ದನಿಯನ್ನು ಹಾಕಿದಳು. ಹುಡುಗ ತಿರುಗಿದ, ನಕ್ಕ, "ಇತ್ತೆಕಿಮಾಸ್" ಎಂದ.

ಸುರಭಿ ನಮ್ಮೆಲ್ಲರ ಮುಖ ನೋಡಿದಳು. "ಇಷ್ಟೇನಾ? ಜಪಾನಿನ ಮಕ್ಕಳು ಶಾಲೆಗೆ ಹೊರಡುವಾಗ ದಿನಾ ಅಮ್ಮನಿಗೆ ಹೇಳುವ ಮಾತಿದು," ಎಂದು ಮರಾಠಿಯಲ್ಲಿ ಹೇಳಿದಳು. "ಹೋಗಿ ಬರ್ತೀನಿ ಅಂತ. ನಾವು ಬಾಗಿಲಲ್ಲಿ 'ಯೇತೋ' ಅನ್ನುತ್ತೇವಲ್ಲ, ಅದೇ. ಅವನು 'ಜಾತೋ', ಹೋಗ್ತೀನಿ, ಅನ್ನುತ್ತಲೇ ಇಲ್ಲ."

ರಕ್ಷಿತ ಅದನ್ನು ಕಾರ್ತಿಕನಿಗೆ ಕನ್ನಡದಲ್ಲಿ ಹೇಳಿದಳು. ನಾನು ಮೊದಲ ಸರಣಿಯ ಮೊದಲ ಕಂತನ್ನು ನೆನೆಸಿಕೊಂಡೆ. ಹೆಬ್ಬಾಗಿಲು ತೆರೆಯುತ್ತದೆ, ಕುರೊಹಾಯಿ ನಗುತ್ತ ಒಳಗೆ ಬರುತ್ತಾನೆ. ಬರ್ತೀನಿ ಅಂದಿದ್ದ, ಬಂದ.

ವಿಡಿಯೋದಲ್ಲಿ ಕಾರ್ತಿಕ ನಗುತ್ತಿದ್ದ. "ನಮ್ಮಮ್ಮನೂ ಹೋಗ್ತೀನಿ ಅಂದ್ರೆ ಬೈತಾರೆ ಕಣ್ರೀ. ಇಷ್ಟು ಸಲ ಸ್ಕ್ರಿಪ್ಟ್ ಓದಿದೀನಿ, ನಂಗೇ ಹೊಳೀಲಿಲ್ಲ," ಎಂದ. "ಹೋಗಿ ಬರ್ತೀನಿ ಅನ್ನೋಕೆ ತುಟಿ ಸಾಲಲ್ಲ, ಉದ್ದ ಆಯ್ತು. ಬರೀ ಬರ್ತೀನಿ ಸಾಕು. ಹೇಳಿ ಮೇಡಂ."

ವೈನಿ ಒಳಗೆ ಹೋಗಿ ಸೆರಗು ಸಿಕ್ಕಿಸಿ ನಿಂತಳು. ಬಾಗಿಲು ತೆರೆಯಿತು. ಹುಡುಗ ತಿರುಗಿ ಹಿರಿಯರನ್ನು ನೋಡಿದ. ವೈನಿಯೂ ನೋಡಿದಳು. ಅವಳ ಮುಖ ನೋಡಿ ನನಗೆ ಗೊತ್ತಾಗಿಹೋಯಿತು. ಹಾಲು ಉಕ್ಕಿದೆ.

"ಬರ್ತೀನ್ರಿ," ಎಂದಳು.

ಮೆಲ್ಲಗೆ, ಎಷ್ಟೋ ಮರ್ಯಾದೆಯಿಂದ, ಬಂದ ಬೀಗರಿಗೆ ಹೇಳಿದಂತೆ. ರಕ್ಷಿತ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಕನ್ನಡವೇ ಬಾರದ ಸುರಭಿ ನನ್ನ ಮೊಣಕೈ ಹಿಡಿದುಕೊಂಡಳು. 'ರೀ' ಬೇಡ ಎಂದಿದ್ದು ನೆನಪಾಗಿ ವೈನಿ ತಾನೇ ಬಾಯಿಗೆ ಕೈ ಇಟ್ಟುಕೊಂಡು, "ತಪ್ಪಾತು, ಇನ್ನೊಮ್ಮೆ ಅಂತೀನಿ" ಎಂದಳು.

"ಬೇಡ," ಎಂದ ಕಾರ್ತಿಕ. "ಮುಟ್ಟಬೇಡಿ ಅದನ್ನ. ಹಾಗೇ ಇರ್ಲಿ. ಇವನಿಗೆ ಸಿಟ್ಟು ಬಂದಾಗೆಲ್ಲ 'ರೀ' ಇರ್ಲಿ." ಅದನ್ನು ನಾನು ಮೊದಲ ದಿನವೇ ಹೇಳಬಹುದಾಗಿತ್ತು, ಯಾರು ಕೇಳಿದರು?

ಟ್ರೈಲರ್ ಬಂದ ದಿನ ಅಣ್ಣ ಆಫೀಸಿನ ದೊಡ್ಡ ಟಿವಿಗೆ ಹಚ್ಚಿ ಹಮಾಲರನ್ನೆಲ್ಲ ಕೂಡಿಸಿದ. ಮಾರ್ತಾಂಡ ಸೋಲಾಪುರದಿಂದ ವೈನಿಗೆ ಫೋನು ಮಾಡಿ, "ಬಾಯಾರ, ನಿಮ್ಮ ಬರ್ತೀನ್ರಿ ಕೇಳೀನಿ. ನೀವು ಬರಬ್ಯಾಡ್ರಿ, ನಾನ ಬರ್ಲಿಕತ್ತೀನಿ," ಎಂದ.

ಕಳೆದ ತಿಂಗಳು ಕೊಂಢವಾದಲ್ಲಿ ಚನ್ನಬಸವ್ವ ಕಾಕೂನ ಮರಿಮೊಮ್ಮಗನ ತೊಟ್ಟಿಲು ಇತ್ತು. ಹೆಂಗಸರು ಹಾಡಿದರು. ವೈನಿ ಚಪ್ಪಾಳೆ ತಟ್ಟಿದಳು. ಊಟವಾಯಿತು, ಅರಿಶಿನ ಕುಂಕುಮ ಆಯಿತು, ನಾವು ಎದ್ದೆವು. ಅಲ್ಲಿಯವರೆಗೆ ಯಾರೂ ಟ್ರೈಲರಿನ ಸುದ್ದಿ ಎತ್ತಿರಲಿಲ್ಲ, ನಾನು ಒಳಗೊಳಗೇ ಕುದಿಯುತ್ತಿದ್ದೆ. ವೈನಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ, ಎಂದಿನ ರೂಢಿಯಂತೆ ಹಿಂತಿರುಗಿ ಹಿರಿಯರ ಕಡೆ ನೋಡಿ, ಸಣ್ಣಗೆ ನಕ್ಕು ಹೇಳಿದಳು, "ಬರ್ತೀನ್ರಿ."

ಒಳಗಿದ್ದ ಮಕ್ಕಳೆಲ್ಲ ಕಿಟಾರನೆ ಕಿರುಚಿಕೊಂಡವು. ಕೂಡಲೇ ಜಗಲಿಯ ಮೇಲಿದ್ದ ಹೆಂಗಸರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ತೊಟ್ಟಿಲ ಹಗ್ಗ ಹಿಡಿದು ಕೂತಿದ್ದ ಮುದುಕಿ ಚನ್ನಬಸವ್ವ ಕಾಕೂ ಕಿವಿಗೆ ಕೈ ಆನಿಸಿಕೊಂಡಳು.

"ತ್ರಿವೇಣಿ," ಎಂದಳು, "ನನಗ ಸರಿ ಕೇಳಲಿಲ್ಲವ್ವಾ. ಇನ್ನೊಮ್ಮೆ ಅನ್ನು."

ವೈನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು. ಮೆಟ್ಟಿದ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದಳು.